ಕೋಳಿಯನ್ನು ಕೇಳಿಯೇ ಮದ್ದು ಅರೆಯೋಣ

'ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?' ಎಂಬ ಗಾದೆಯನ್ನು ನಮ್ಮ ಕಡೆ ಕೇಳದವರಿಲ್ಲ. ಬಲ್ಲಿದರು ತೀರ್ಮಾನ ಮಾಡುವಾಗ ಬಡವರ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂಬ ಕಹಿಯನ್ನು ನಮ್ಮ ಹಿರಿಯರು ಕೋಳಿಯ ಮೇಲಿಟ್ಟು ಹೇಳಿದರು. ಗಾದೆಯ ಗುರಿ ಮನುಷ್ಯರಾದರೂ ಇಂದು ನಾನು ಅದನ್ನು ಅಕ್ಷರಶಃ ಕೋಳಿಯ ವಿಷಯದಲ್ಲಿಯೇ ಎತ್ತಿಕೊಳ್ಳುತ್ತಿದ್ದೇನೆ. ಮಸಾಲೆ ಅರೆಯುವಾಗ ಕೋಳಿಯನ್ನು ಕೇಳುವವರಿಲ್ಲದಿರಬಹುದು. ಮದ್ದು ಅರೆಯುವಾಗಲಾದರೂ ಕೇಳಬೇಕು ಎಂಬುದು ನನ್ನ ವಾದ.

ವಿಷಯ ಇಷ್ಟು. ಬೈಲಕುಪ್ಪೆ, ಕೊಪ್ಪ, ಕಂಪಲಾಪುರ, ಬೆಟ್ಟದಪುರದ ಸುತ್ತಿನ ಊರುಗಳಲ್ಲಿ ಮನೆಮಟ್ಟಿಗೆ ಕೋಳಿ ಸಾಕುವವರಿಂದ ಈಚಿನ ವರ್ಷಗಳಲ್ಲಿ ಒಂದೇ ಬಗೆಯ ದೂರನ್ನು ಕೇಳುತ್ತಿದ್ದೇನೆ. ಕೋಳಿಯ ಪುಕ್ಕ ಉದುರುತ್ತದೆ, ಬೆನ್ನು ಬೋಳಾಗುತ್ತದೆ, ಒಂದು ಕೋಳಿ ಇನ್ನೊಂದನ್ನು ರಕ್ತ ಬರುವಂತೆ ಕುಕ್ಕುತ್ತದೆ, ಕೆಲವೊಮ್ಮೆ ಕುಕ್ಕಿಯೇ ಕೊಲ್ಲುತ್ತದೆ. ಪರಿಹಾರವೆಂದು ಅವರಿಗೆ ಸಿಗುವ ಸಲಹೆಗಳು ಮೂರು: ಕೊಕ್ಕನ್ನು ಕತ್ತರಿಸಿ, ಬೆಳೆಗೆ ಸಿಂಪಡಿಸುವ ಔಷಧವನ್ನು ಹಚ್ಚಿ, ಇಲ್ಲವೇ ಸಿಕ್ಕ ಬೆಲೆಗೆ ಮಾರಿಬಿಡಿ. ಈ ಮೂರನ್ನೂ ನಾನು ಒಪ್ಪುವುದಿಲ್ಲ. ಏಕೆಂದು ಹೇಳುವುದಕ್ಕೆ ಮೊದಲು ನಮ್ಮ ಹಿತ್ತಲುಗಳಲ್ಲಿ ಆಗಿರುವ ಬದಲಾವಣೆಯನ್ನು ನೋಡಬೇಕು.

ನಾನು ಚಿಕ್ಕವನಿದ್ದಾಗ ಕೋಳಿಗೆಂದು ಯಾರೂ ಪ್ರತ್ಯೇಕ ಜಾಗವನ್ನು ಕಟ್ಟಿದವರಲ್ಲ. ರಾತ್ರಿ ಕವುಚಿಟ್ಟ ಮಂಕರಿ ಅಥವಾ ಕೊಟ್ಟಿಗೆಯ ಮೂಲೆಯ ಗೂಡು; ಬೆಳಗಾದರೆ ಬಾಗಿಲು ತೆರೆದು ಬಿಟ್ಟರಾಯಿತು. ಕೋಳಿ ನೇರವಾಗಿ ತಿಪ್ಪೆಗೆ ಹೋಗುತ್ತಿತ್ತು. ತಿಪ್ಪೆಯೆಂದರೆ ಗೊಬ್ಬರದ ರಾಶಿ ಮಾತ್ರವಲ್ಲ. ಕೋಳಿಯ ಪಾಲಿಗೆ ಅದು ಊಟದ ಮನೆ, ಆಟದ ಬಯಲು, ಪಾಠಶಾಲೆ ಎಲ್ಲವೂ ಆಗಿತ್ತು. ಅಲ್ಲಿ ಹುಳು, ಗೆದ್ದಲು, ಕಾಳು, ಸೊಪ್ಪಿನ ಚೂರು, ಸುಣ್ಣದ ಹರಳು ಎಲ್ಲವೂ ಸಿಗುತ್ತಿದ್ದವು. ಆದರೆ ಯಾವುದೂ ಸುಲಭವಾಗಿ ಸಿಗುತ್ತಿರಲಿಲ್ಲ. ಕೆದಕಬೇಕು, ಹಿಂದಕ್ಕೆ ಸರಿದು ನೋಡಬೇಕು, ಕುಕ್ಕಬೇಕು, ಮತ್ತೆ ಕೆದಕಬೇಕು. ಮುಂಜಾನೆಯಿಂದ ಸಂಜೆಯವರೆಗೆ ಕೋಳಿಗೆ ಬಿಡುವೆಂಬುದೇ ಇರಲಿಲ್ಲ.

ಇಂದು ತಿಪ್ಪೆಗಳು ಮನೆಯ ಬಳಿಯಿಂದ ಮರೆಯಾಗುತ್ತಿವೆ. ದನಗಳು ಕಡಿಮೆಯಾದುವು, ಇದ್ದ ಗೊಬ್ಬರ ನೇರವಾಗಿ ಹೊಲಕ್ಕೆ ಹೋಗುತ್ತದೆ. ಹಿತ್ತಲಿಗೆ ಸಿಮೆಂಟು ಬಂದಿದೆ. ಬೀದಿಯಲ್ಲಿ ವಾಹನ, ಹಿಂಡು ನಾಯಿ, ಬೇಲಿಯಲ್ಲಿ ಮುಂಗುಸಿ, ಪಕ್ಕದವರ ಸೊಪ್ಪಿನ ಮಡಿಗೆ ಕೋಳಿ ನುಗ್ಗಿದರೆ ಜಗಳ. ಆದ್ದರಿಂದ ಜನ ಕೋಳಿಗಳನ್ನು ತಂತಿಬಲೆಯ ಗೂಡಿನಲ್ಲಿ ಕೂಡಿಹಾಕಿ ಮುಸುಕಿನ ಜೋಳವನ್ನು ಹಾಕಿ ಸಾಕುತ್ತಿದ್ದಾರೆ. ಅವರನ್ನು ದೂಷಿಸಲಾರೆ. ಆದರೆ ಕೋಳಿಯ ಜಾಗ ಬದಲಾಯಿತೇ ಹೊರತು ಕೋಳಿಯ ಸ್ವಭಾವ ಬದಲಾಗಲಿಲ್ಲ ಎಂಬುದನ್ನು ಮರೆಯಬಾರದು.

ಬದಲಾದದ್ದು ಇನ್ನೊಂದಿದೆ, ಅದು ತಳಿ. ನಾಟಿ ಹ್ಯಾಟೆ ವರ್ಷಕ್ಕೆ ಸುಮಾರು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಹಿತ್ತಲಲ್ಲಿಯೇ ಬೆಳೆಯಬಲ್ಲ, ಆದರೆ ಹೆಚ್ಚು ಮೊಟ್ಟೆ ಮತ್ತು ಮಾಂಸ ಕೊಡುವ ಕೋಳಿ ಬೇಕೆಂದು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಗಿರಿರಾಜ ತಳಿಯನ್ನು ರೂಪಿಸಿದರು. ಅನಂತರ ಸ್ವರ್ಣಧಾರ ಬಂದಿತು. ಗಿರಿರಾಜ ಹ್ಯಾಟೆ ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಇಡುತ್ತದೆ. ಇದರಿಂದ ಎಷ್ಟೋ ಬಡ ಮನೆಗಳಿಗೆ ಉಪಕಾರವಾಗಿದೆ. ಆದರೆ ಹೆಚ್ಚು ಮೊಟ್ಟೆ ಇಡುವ ಕೋಳಿಗೆ ಹೆಚ್ಚು ಸತ್ತ್ವದ ಮೇವು ಬೇಕು. ಅರವತ್ತು ಮೊಟ್ಟೆಯ ಕೋಳಿಯನ್ನು ಸಾಕುತ್ತಿದ್ದ ರೀತಿಯಲ್ಲಿ, ಅದರಲ್ಲೂ ತಿಪ್ಪೆಯನ್ನು ಕಿತ್ತುಕೊಂಡು, ನೂರೈವತ್ತು ಮೊಟ್ಟೆಯ ಕೋಳಿಯನ್ನು ಸಾಕಲು ಹೊರಟರೆ ಲೆಕ್ಕ ಎಲ್ಲೋ ತಪ್ಪಲೇಬೇಕು. ಆ ತಪ್ಪಿದ ಲೆಕ್ಕವೇ ಕೋಳಿಯ ಬೆನ್ನಿನ ಮೇಲೆ ಕಾಣಿಸುತ್ತಿರುವುದು.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರಿಗೆ ಒಂದು ಮಾತು. ನಮ್ಮ ಕಡೆ ಹೊಗೆಸೊಪ್ಪಿನ ಹಣ, ಜೋಳದ ಹಣ ಗಂಡಸರ ಕೈಗೆ ಬರುತ್ತದೆ; ಬರುವುದು ವರ್ಷಕ್ಕೊಮ್ಮೆ, ಹೋಗುವುದು ಸಾಲಗಾರನಿಗೆ. ಕೋಳಿಯ ಹಣ ಹೆಂಗಸರದು. ಮಗುವಿಗೆ ನೋಟುಪುಸ್ತಕ, ಊರ ಹಬ್ಬಕ್ಕೆ ಬಳೆ, ಆಸ್ಪತ್ರೆಗೆ ಹೋಗಲು ಬಸ್ಸಿನ ಚಾರ್ಜು, ಇವೆಲ್ಲ ಮೊಟ್ಟೆಯಿಂದ ಬಂದದ್ದನ್ನು ಮೇಷ್ಟರಾಗಿದ್ದ ನಾನು ಬಲ್ಲೆ. ಶಾಲೆಯ ಶುಲ್ಕಕ್ಕೆಂದು ಮಕ್ಕಳು ತರುತ್ತಿದ್ದ ಚಿಲ್ಲರೆಯಲ್ಲಿ ಮೊಟ್ಟೆ ಮಾರಿದ ಹಣವೇ ಎಷ್ಟೋ ಇರುತ್ತಿತ್ತು. ಆದ್ದರಿಂದ ಹತ್ತು ಕೋಳಿಯಲ್ಲಿ ಮೂರು ಹೋದರೆ ಅದು ಮೂರು ಕೋಳಿಯ ಲೆಕ್ಕ ಮಾತ್ರವಲ್ಲ.

ಈಗ ಕೋಳಿಯನ್ನು ಕೇಳುವ ಕ್ರಮಕ್ಕೆ ಬರೋಣ. ಕೋಳಿ ಬಾಯಿಬಿಟ್ಟು ಹೇಳದಿದ್ದರೂ ಅದರ ಮೈ ಹೇಳುತ್ತದೆ. ಪುಕ್ಕ ಎಲ್ಲಿ ಹೋಗಿದೆ, ಯಾವಾಗ ಹೋಗಿದೆ, ಎಷ್ಟು ಕೋಳಿಗಳಿಗೆ ಹೋಗಿದೆ ಎಂಬ ಮೂರನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ತಲೆ ಮತ್ತು ಕುತ್ತಿಗೆಯಿಂದ ಆರಂಭವಾಗಿ ಎದೆ, ಮೈ, ರೆಕ್ಕೆ, ಬಾಲ ಎಂದು ಕ್ರಮವಾಗಿ ಪುಕ್ಕ ಉದುರುತ್ತ, ಉದುರಿದ ಕಡೆ ಮುಳ್ಳಿನಂತಹ ಹೊಸ ಗರಿಗಳು ಮೂಡುತ್ತಿದ್ದರೆ ಅದು ರೋಗವಲ್ಲ. ಹಾವು ಪೊರೆ ಬಿಡುವಂತೆ ಕೋಳಿ ವರ್ಷಕ್ಕೊಮ್ಮೆ ಗರಿ ಬದಲಿಸುತ್ತದೆ; ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮೊದಲ ಬಾರಿಗೆ ಇದು ಪೂರ್ಣವಾಗಿ ನಡೆಯುತ್ತದೆ. ಆಗ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುತ್ತದೆ. ಚಳಿದೇಶಗಳಲ್ಲಿ ಹಗಲು ಕುಗ್ಗಿದಂತೆ ಎಲ್ಲ ಕೋಳಿಗಳೂ ಒಟ್ಟಿಗೆ ಗರಿ ಬಿಡುತ್ತವೆ. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ; ಆದ್ದರಿಂದ ಇಲ್ಲಿ ಒಂದೊಂದು ಕೋಳಿ ಒಂದೊಂದು ಕಾಲಕ್ಕೆ ಗರಿ ಬಿಡಬಹುದು. ಇದನ್ನು ತಿಳಿಯದವರು 'ಕೋಳಿಗೆ ವಯಸ್ಸಾಯಿತು, ಮೊಟ್ಟೆ ನಿಂತಿತು' ಎಂದು ಸಂತೆಗೆ ಒಯ್ಯುತ್ತಾರೆ. ತಡವಾಗಿ ಗರಿ ಬಿಟ್ಟು ಬೇಗ ಮೈ ತುಂಬಿಕೊಳ್ಳುವ ಹ್ಯಾಟೆಯೇ ಒಳ್ಳೆಯ ಮೊಟ್ಟೆಯ ಹ್ಯಾಟೆ. ಅದನ್ನು ಮಾರಿದವರು ನಷ್ಟಕ್ಕೆ ಮಾರಿದಂತೆ.

ಬೆನ್ನು ಮತ್ತು ತಲೆಯ ಹಿಂಭಾಗ ಮಾತ್ರ ಬೋಳಾಗಿದ್ದರೆ ಅದು ಹುಂಜದ ಕೆಲಸ. ಹುಂಜ ಹ್ಯಾಟೆಯ ತಲೆಯ ಹಿಂದಿನ ಪುಕ್ಕವನ್ನು ಕಚ್ಚಿ ಹಿಡಿದು ಬೆನ್ನೇರುತ್ತದೆ. ಭಾರವಾದ ಗಿರಿರಾಜ ಹುಂಜವನ್ನು ಸಣ್ಣ ಮೈಯ ನಾಟಿ ಹ್ಯಾಟೆಗಳ ಜೊತೆ ಬಿಟ್ಟ ಮನೆಗಳಲ್ಲಿ ಇದು ಹೆಚ್ಚು. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ನಾಲ್ಕು ಹ್ಯಾಟೆಗೆ ಎರಡು ಹುಂಜವಿದ್ದರೆ ಯಾವ ಮದ್ದೂ ಫಲಿಸದು. ಒಂದು ಹುಂಜವನ್ನು ಬೇರೆ ಮಾಡುವುದೇ ಮದ್ದು.

ಕಾವಿಗೆ ಕೂತ ಹ್ಯಾಟೆಯ ಎದೆಯ ಪುಕ್ಕ ಹೋಗಿದ್ದರೆ ಆತಂಕ ಬೇಡ. ಮೈಯ ಬಿಸಿ ಮೊಟ್ಟೆಗೆ ನೇರವಾಗಿ ತಾಗಲಿ ಎಂದು ತಾಯಿಯೇ ಅದನ್ನು ಕಿತ್ತುಕೊಂಡಿರುತ್ತದೆ. ಇಪ್ಪತ್ತೊಂದು ದಿನ ಕಳೆದು ಮರಿಗಳು ಹೊರಬಂದ ಮೇಲೆ ಅದು ತಾನಾಗಿಯೇ ಬರುತ್ತದೆ.

ಗುದದ್ವಾರದ ಸುತ್ತ, ರೆಕ್ಕೆಯ ಕೆಳಗೆ ಪುಕ್ಕ ಹಾಳಾಗಿ, ಪುಕ್ಕದ ಬುಡದಲ್ಲಿ ಬಿಳಿಯ ಗಂಟುಗಳಂತೆ ಮೊಟ್ಟೆಗಳು ಅಂಟಿಕೊಂಡಿದ್ದರೆ ಅದು ಹೇನು. ಹಗಲು ಕೋಳಿಯ ಮೈಮೇಲೆ ಏನೂ ಕಾಣದೆ, ಕೋಳಿ ಮಾತ್ರ ಬಡವಾಗುತ್ತ, ಜುಟ್ಟು ಬಿಳಿಚಿಕೊಳ್ಳುತ್ತಿದ್ದರೆ ರಾತ್ರಿ ಬ್ಯಾಟರಿ ಹಿಡಿದು ಗೂಡಿನ ಬಿರುಕುಗಳನ್ನೂ ಕೂರುವ ಗಳದ ಕೆಳಭಾಗವನ್ನೂ ನೋಡಬೇಕು. ಹಗಲು ಅಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿಗಳು ಅಲ್ಲಿರುತ್ತವೆ. ಹೇನಿಗೆ ಕೋಳಿಯ ಮೈಯನ್ನು, ನುಸಿಗೆ ಕೋಳಿಯ ಮನೆಯನ್ನು ಶುಚಿ ಮಾಡಬೇಕು. ಈ ವ್ಯತ್ಯಾಸ ತಿಳಿಯದೆ ಮಾಡಿದ ಉಪಚಾರ ವ್ಯರ್ಥ.

ಇವು ಯಾವುವೂ ಅಲ್ಲದೆ, ಬಾಲದ ಬುಡದಲ್ಲಿ, ಸೊಂಟದ ಮೇಲೆ, ಬೆನ್ನಿನಲ್ಲಿ ಪುಕ್ಕ ಮುರಿದು, ಕಿತ್ತು, ಚರ್ಮ ಕೆಂಪಾಗಿ, ಗೂಡಿನ ನೆಲದಲ್ಲಿ ಉದುರಿದ ಪುಕ್ಕವೇ ಕಾಣದಿದ್ದರೆ ಆಗ ಸಂದೇಹ ಬೇಡ. ಕೋಳಿಗಳು ಒಂದನ್ನೊಂದು ಕುಕ್ಕಿ ಪುಕ್ಕವನ್ನು ತಿನ್ನುತ್ತಿವೆ. ಈ ಲೇಖನದ ಮುಖ್ಯ ವಿಷಯ ಇದು.

ಕೋಳಿ ಕೋಳಿಯನ್ನು ಕುಕ್ಕುವುದರಲ್ಲಿ ಎರಡು ಬಗೆಗಳಿವೆ. ಒಂದು, ಯಾರು ಮೇಲು ಯಾರು ಕೀಳು ಎಂದು ತೀರ್ಮಾನಿಸಿಕೊಳ್ಳುವ ಕುಕ್ಕು. ನಾರ್ವೆ ದೇಶದ ಷೆಲ್ಡೆರುಪ್ ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ಗಮನಿಸುತ್ತ ಬಂದು, 1920ರ ದಶಕದ ಆರಂಭದಲ್ಲಿ ಈ ಶ್ರೇಣಿಯನ್ನು ಜಗತ್ತಿಗೆ ವಿವರಿಸಿದನು. ಇದು ತಲೆಯ ಮೇಲೆ ಬೀಳುವ ಕುಕ್ಕು. ಶ್ರೇಣಿ ನಿರ್ಧಾರವಾದ ಮೇಲೆ ಬಹುಮಟ್ಟಿಗೆ ತಣ್ಣಗಾಗುತ್ತದೆ. ಎರಡನೆಯದು ಪುಕ್ಕ ಕೀಳುವ ಕುಕ್ಕು. ಇದರಲ್ಲಿ ಸಿಟ್ಟಿಲ್ಲ. ಕೀಳುವ ಕೋಳಿ ಹಿಂದಿನಿಂದ ಸದ್ದಿಲ್ಲದೆ ಬಂದು, ನೆಲದಲ್ಲಿ ಹುಳು ಹೆಕ್ಕುವಷ್ಟೇ ಶಾಂತವಾಗಿ ಇನ್ನೊಂದರ ಪುಕ್ಕವನ್ನು ಹೆಕ್ಕುತ್ತದೆ.

ನೆಲದಲ್ಲಿ ಹುಳು ಹೆಕ್ಕುವಂತೆ ಎಂದೆನಲ್ಲ, ಅದು ಬರಿಯ ಉಪಮೆಯಲ್ಲ. ನೆದರ್ಲೆಂಡ್ಸಿನ ಬ್ಲೊಕ್‌ಹೌಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಪುಕ್ಕ ಕೀಳುವುದೆಂದರೆ ನೆಲ ಕುಕ್ಕುವ ಕೆಲಸವೇ ದಾರಿ ತಪ್ಪಿ ಪಕ್ಕದ ಕೋಳಿಯ ಮೇಲೆ ಬೀಳುವುದು. ಕೋಳಿಗಳ ಮೂಲಪುರುಷನಾದ ಕೆಂಪು ಕಾಡುಕೋಳಿಯನ್ನು ಗಮನಿಸಿದ ಇಂಗ್ಲೆಂಡಿನ ಮರಿಯನ್ ಡಾಕಿನ್ಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಹೊಟ್ಟೆಗೆ ಬೇಕಾದಷ್ಟು ಮೇವನ್ನು ದಿನವೂ ಹಾಕುತ್ತಿದ್ದರೂ ಆ ಹಕ್ಕಿಗಳು ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ನೆಲ ಕುಕ್ಕುವುದರಲ್ಲಿ ತೊಡಗಿದ್ದವು. ಅಂದರೆ ಕೋಳಿ ಹಸಿವಿಗಾಗಿ ಮಾತ್ರ ಕುಕ್ಕುವುದಿಲ್ಲ. ಕುಕ್ಕುವುದೇ ಅದರ ಬಾಳು. ತಟ್ಟೆಯಲ್ಲಿ ಜೋಳ ಸುರಿದರೆ ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬುತ್ತದೆ. ಉಳಿದ ಹನ್ನೊಂದು ಗಂಟೆ ಕೊಕ್ಕು ಏನು ಮಾಡಬೇಕು? ಸಿಮೆಂಟು ನೆಲದಲ್ಲಿ ಕುಕ್ಕಲು ಏನಿದೆ? ಎದುರಿಗಿರುವುದು ಪಕ್ಕದ ಕೋಳಿಯ ಬೆನ್ನು.

ತರಗತಿಯಲ್ಲಿ ದಶಕಗಳನ್ನು ಕಳೆದವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಿಯ ನೆರವು ಬೇಕಾಗಿಲ್ಲ. ಎಪ್ಪತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಕೆಲಸ ಕೊಡದೆ, 'ಸುಮ್ಮನಿರಿ' ಎಂದು ಹೇಳಿ ಹೋದರೆ ಏನಾಗುತ್ತದೆಂದು ಪ್ರತಿಯೊಬ್ಬ ಮೇಷ್ಟರಿಗೂ ಗೊತ್ತು. ಚಿವುಟುವುದು, ಜಡೆ ಎಳೆಯುವುದು ಮೊದಲಾಗುತ್ತದೆ. ಚಿವುಟಿದವನ ಬೆರಳು ಕತ್ತರಿಸಬೇಕೆಂದು ಯಾರೂ ಹೇಳುವುದಿಲ್ಲ. ಕೈಗೆ ಕೆಲಸ ಕೊಡಿ ಎನ್ನುತ್ತಾರೆ.

ಬೇಸರದೊಡನೆ ಮೇವಿನ ಕೊರತೆ ಸೇರಿದರೆ ಸಮಸ್ಯೆ ಇಮ್ಮಡಿಯಾಗುತ್ತದೆ. ಪುಕ್ಕದ ಒಣ ತೂಕದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಪ್ರೋಟೀನು. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಪ್ರೋಟೀನು ಶೇಕಡಾ 16ರಿಂದ 18ರಷ್ಟು ಇರಬೇಕು. ಮುಸುಕಿನ ಜೋಳದಲ್ಲಿರುವುದು ಶೇಕಡಾ 9ರಷ್ಟು, ರಾಗಿಯಲ್ಲಿ 7ರಷ್ಟು. ಬೈಲಕುಪ್ಪೆಯ ಸುತ್ತಮುತ್ತ ಜೋಳಕ್ಕೆ ಬರವಿಲ್ಲ. 1960ರಲ್ಲಿ ಇಲ್ಲಿಗೆ ಬಂದ ಟಿಬೆಟನ್ ನಿರಾಶ್ರಿತರು ಕಾಡು ಕಡಿದು ಹಸನು ಮಾಡಿದ ಭೂಮಿಯಲ್ಲಿ ಬೆಳೆದು ನೆಲೆ ಕಂಡುಕೊಂಡದ್ದೂ ಮುಖ್ಯವಾಗಿ ಈ ಬೆಳೆಯಿಂದಲೇ. ಕೈಗೆ ಸುಲಭವಾಗಿ ಸಿಗುತ್ತದೆಂದು ಜೋಳವೊಂದನ್ನೇ ಹಾಕಿದರೆ ಕೋಳಿಗೆ ಕೊಬ್ಬು ಬರುತ್ತದೆ, ಪುಕ್ಕ ಬರುವುದಿಲ್ಲ. ಮೊದಲು ತಿಪ್ಪೆಯ ಹುಳು ತುಂಬುತ್ತಿದ್ದ ಕೊರತೆಯನ್ನು ಈಗ ಪಕ್ಕದ ಕೋಳಿಯ ಪುಕ್ಕ ತುಂಬಬೇಕಾಗಿದೆ. ಮೇವಿನಲ್ಲಿ ಉಪ್ಪಿನ ಅಂಶ ಇಲ್ಲದಿದ್ದರೂ ಕೋಳಿಗಳು ರಕ್ತದ ರುಚಿಗೆ ಬೀಳುತ್ತವೆ.

ನಮ್ಮ ಬೀದಿಯ ತಾಯಿಯೊಬ್ಬರ ಉದಾಹರಣೆ ಹೇಳುತ್ತೇನೆ. ಮಹಿಳಾ ಸಂಘದ ಸಾಲದಿಂದ ಹನ್ನೆರಡು ಕೋಳಿ ತಂದು, ಮನೆಯ ಹಿಂದೆ ಸಿಮೆಂಟಿನ ಕಟ್ಟೆಯ ಮೇಲೆ ತಂತಿಬಲೆಯ ಗೂಡು ಮಾಡಿಸಿದ್ದರು. ಮಧ್ಯಾಹ್ನದ ಬಿಸಿಲು ನೇರವಾಗಿ ಗೂಡಿಗೆ ಬೀಳುತ್ತಿತ್ತು. ನಾಲ್ಕು ತಿಂಗಳಲ್ಲಿ ಎರಡು ಕೋಳಿ ಸತ್ತು, ಐದು ಕೋಳಿಗಳ ಬೆನ್ನು ಬೋಳಾಗಿತ್ತು. ಕೋಳಿ ಕೊಳ್ಳಲು ಬರುವ ವ್ಯಾಪಾರಿಯೊಬ್ಬ ಕೊಕ್ಕು ಕತ್ತರಿಸುವಂತೆ ಹೇಳಿ ಹೋಗಿದ್ದ. "ಮೇಷ್ಟ್ರೇ, ಬಿಸಿ ಕುಡ್ಲಲ್ಲಿ ಕೊಕ್ಕು ಕತ್ತರಿಸಿದ್ರೆ ಸರಿಯಾಯ್ತದೆ ಅಂತಾನೆ. ಕತ್ತರಿಸ್ಲಾ?" ಎಂದು ಕೇಳಿದರು. "ತಡಿಯಮ್ಮ, ಕೊಕ್ಕು ಹೋದ್ಮೇಲೆ ಮತ್ತೆ ತರೋಕಾಗಲ್ಲ. ಒಂದು ತಿಂಗ್ಳು ಬೇರೆ ಏನಾದ್ರೂ ಮಾಡಿ ನೋಡಾಣ" ಎಂದೆ.

ಮಾಡಿದ್ದು ದೊಡ್ಡದೇನೂ ಅಲ್ಲ. ಗೂಡಿನ ಮುಂದೆ ಎರಡು ಆಳುದ್ದದ ಜಾಗಕ್ಕೆ ಬಲೆ ಕಟ್ಟಿ, ಅದರಲ್ಲಿ ಹಳೆಯ ಗೊಬ್ಬರ, ಒಣಗಿದ ಎಲೆ, ಭತ್ತದ ಹೊಟ್ಟು, ರಾಗಿ ಹುಲ್ಲಿನ ಚೂರುಗಳನ್ನು ಒಂದು ಗೇಣು ಎತ್ತರಕ್ಕೆ ಹರಡಿದೆವು. ಒಂದು ಮಾತಿನಲ್ಲಿ ಹೇಳುವುದಾದರೆ ಸಣ್ಣದೊಂದು ತಿಪ್ಪೆಯನ್ನು ಕೋಳಿಯ ಬಳಿಗೆ ತಂದೆವು. ಕಾಳನ್ನು ತಟ್ಟೆಗೆ ಹಾಕದೆ ಅದರೊಳಗೆ ಎರಚಿದರು. ಬೇಯಿಸಿದ ಹುರುಳಿ ಮತ್ತು ಹಿಂಡಿಯನ್ನು ಜೋಳದ ನುಚ್ಚಿನೊಡನೆ ಕಲಸಿ ಕೊಟ್ಟರು. ಸೊಪ್ಪಿನ ಕಟ್ಟೊಂದನ್ನು ಕೋಳಿಯ ತಲೆಗಿಂತ ತುಸು ಎತ್ತರಕ್ಕೆ ತೂಗುಹಾಕಿದರು. ಬಿಸಿಲಿಗೆ ಗೋಣಿಚೀಲ ಕಟ್ಟಿದರು. ಗಾಯವಾದ ಕೋಳಿಗಳನ್ನು ಬೇರೆ ಇಟ್ಟರು.

ತಿಂಗಳ ಹೊತ್ತಿಗೆ ಹೊಸ ಗಾಯಗಳು ನಿಂತವು. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಪುಕ್ಕ ತಿನ್ನುವ ಚಟ ಬಲಿತಿದ್ದ ಒಂದು ಹ್ಯಾಟೆ ಅದನ್ನು ಬಿಡಲೇ ಇಲ್ಲ. ಅದನ್ನು ಪ್ರತ್ಯೇಕವಾಗಿಯೇ ಇಡಬೇಕಾಯಿತು. ಬುಡಸಮೇತ ಕಿತ್ತುಹೋಗಿದ್ದ ಪುಕ್ಕಗಳು ಕೆಲವು ವಾರಗಳಲ್ಲಿ ಮೂಡಿದವು. ಅರ್ಧಕ್ಕೆ ಮುರಿದಿದ್ದ ಗರಿಗಳು ಮುಂದಿನ ಗರಿ ಬದಲಿಸುವ ಕಾಲದವರೆಗೂ ಹಾಗೆಯೇ ಉಳಿದವು. ಚಟ ಹತ್ತಿದ ಮೇಲೆ ಬಿಡಿಸುವುದಕ್ಕಿಂತ ಹತ್ತದಂತೆ ನೋಡಿಕೊಳ್ಳುವುದು ಸುಲಭ ಎಂಬುದಕ್ಕೆ ಇದೇ ಸಾಕ್ಷಿ.

ಈಗ ಕೊಕ್ಕು ಕತ್ತರಿಸುವ ವಿಚಾರ. ಸಾವಿರಾರು ಕೋಳಿಗಳನ್ನು ಕೂಡಿಹಾಕುವ ದೊಡ್ಡ ಫಾರಂಗಳಲ್ಲಿ ಮರಿಗಳು ಎಳೆಯವಿದ್ದಾಗಲೇ ಕಾದ ಅಲಗಿನಿಂದ ಕೊಕ್ಕಿನ ತುದಿ ಕತ್ತರಿಸುವ ಪದ್ಧತಿ ಇದೆ. ಅದನ್ನು ನೋಡಿದವರು ಹಿತ್ತಲ ಕೋಳಿಗೂ ಅದನ್ನೇ ಹೇಳುತ್ತಾರೆ. ಕೊಕ್ಕು ನಮ್ಮ ಉಗುರಿನಂತೆ ನೋವಿಲ್ಲದ ವಸ್ತುವಲ್ಲ. ಅದರೊಳಗೆ ರಕ್ತನಾಳವೂ ನರವೂ ಇವೆ. ಕತ್ತರಿಸಿದ ಕಡೆ ನರದ ತುದಿಗಳು ಗಂಟುಕಟ್ಟಿ ಬಹುಕಾಲ ನೋವು ಉಳಿಯಬಹುದೆಂದು ಬ್ರಿಟನ್ನಿನ ವಿಜ್ಞಾನಿಗಳು 1980ರ ದಶಕದಲ್ಲಿಯೇ ತೋರಿಸಿದರು. ನಾರ್ವೆ, ಸ್ವೀಡನ್ ದೇಶಗಳು ಈ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿವೆ. ನಮ್ಮಲ್ಲಿಯೂ ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದನ್ನು ತಡೆಯುವ 1960ರ ಕಾಯಿದೆ ಇದೆ. ಮೊಟ್ಟೆಕೋಳಿ ಮತ್ತು ಮಾಂಸದ ಕೋಳಿಗಳನ್ನು ಇಡುವ ರೀತಿಯ ಬಗ್ಗೆಯೇ ಕೇಂದ್ರದ ಕಾನೂನು ಆಯೋಗ 2017ರಲ್ಲಿ ತನ್ನ 269ನೆಯ ವರದಿಯನ್ನು ಕೊಟ್ಟಿತು.

ಕಾನೂನಿನ ಮಾತು ಹಾಗಿರಲಿ, ಲಾಭದ ಲೆಕ್ಕವನ್ನೇ ಹಾಕೋಣ. ಹಿತ್ತಲ ಕೋಳಿಗೆ ಕೊಕ್ಕೇ ಕೈ, ಕೊಕ್ಕೇ ಕತ್ತಿ. ಹುಳು ಹೆಕ್ಕಲು, ಸೊಪ್ಪು ಹರಿಯಲು, ಮೈಯ ಹೇನನ್ನು ಹೆಕ್ಕಿ ತೆಗೆಯಲು, ಕಾಗೆ ಬಂದರೆ ಮರಿಗಳನ್ನು ಕಾಯಲು ಅದು ಬೇಕು. ಕೊಕ್ಕು ಕತ್ತರಿಸಿದ ಕೋಳಿಯ ಮೈಯಲ್ಲಿ ಹೇನು ಹೆಚ್ಚುತ್ತದೆ. ಅದು ತನ್ನ ಮೇವನ್ನು ತಾನು ಹುಡುಕಿಕೊಳ್ಳಲಾರದೆ ನಿಮ್ಮ ಜೋಳಕ್ಕೇ ಬಾಯಿಬಿಡುತ್ತದೆ. ತಾನು ದುಡಿದು ತಿನ್ನುವ ಕೋಳಿಯನ್ನು ಕೂತು ತಿನ್ನುವಂತೆ ಮಾಡುವ ಉಪಾಯ ಅದು.

ಎರಡನೆಯ ಸಲಹೆ, ಬೆಳೆಯ ಔಷಧ. ಹೇನಿಗೆಂದು ಹೊಲಕ್ಕೆ ಸಿಂಪಡಿಸುವ ವಿಷದಲ್ಲಿ ಕೋಳಿಯನ್ನು ಅದ್ದಿ ತೆಗೆಯುವವರಿದ್ದಾರೆ. ಕೋಳಿ ಸಾಯದೆ ಉಳಿದರೂ ವಿಷದ ಅಂಶ ಮೊಟ್ಟೆಗೆ ಇಳಿಯಬಹುದು. ಆ ಮೊಟ್ಟೆಯನ್ನು ತಿನ್ನುವುದು ಮನೆಯ ಮಗು. ಪಿರಿಯಾಪಟ್ಟಣ, ಹುಣಸೂರು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಯಾದ್ದರಿಂದ ಇನ್ನೊಂದು ಮಾತನ್ನೂ ಹೇಳಬೇಕು. ಹೊಗೆಸೊಪ್ಪಿನ ಒಣ ಕಡ್ಡಿಯನ್ನು ಕೋಳಿಗೂಡಿಗೆ ಹಾಕುವ ರೂಢಿ ಹಳೆಯದು. ಅದರ ಹಿಂದೆ ತಿಳಿವಳಿಕೆ ಇಲ್ಲದಿಲ್ಲ. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ನಿಕೋಟಿನ್ ದ್ರಾವಣವನ್ನು ಕೋಳಿ ಕೂರುವ ಗಳಕ್ಕೆ ಬಳಿಯುತ್ತಿದ್ದರು. ಆದರೆ ಹೊಗೆಸೊಪ್ಪನ್ನು ಕುದಿಸಿದ ಕಷಾಯವನ್ನು ಕೋಳಿಯ ಮೈಗೆ ಹಚ್ಚುವುದು ಅಪಾಯ. ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುವ ವಿಷ. ಹೇನಿಗೆ ಮೊದಲು ಕೋಳಿಯೇ ಹೋದೀತು, ಹಚ್ಚುವವರ ಕೈಗೂ ಒಳ್ಳೆಯದಲ್ಲ.

ಹೇನಿಗೆ ಕೋಳಿಯೇ ಕಂಡುಕೊಂಡ ಮದ್ದು ಮಣ್ಣಿನ ಸ್ನಾನ. ಮಳೆ ಬೀಳದ ಮೂಲೆಯಲ್ಲಿ ಒಂದು ಹಳೆಯ ಬಾಂಡಲಿಯಲ್ಲೋ ಸಣ್ಣ ಗುಂಡಿಯಲ್ಲೋ ಪುಡಿಮಣ್ಣು ಮತ್ತು ಜರಡಿ ಹಿಡಿದ ಒಲೆಯ ಬೂದಿಯನ್ನು ಬೆರೆಸಿ ಇಟ್ಟರೆ ಕೋಳಿ ಅದರಲ್ಲಿ ಹೊರಳಿ, ರೆಕ್ಕೆ ಬಡಿದು, ಮೈ ಕೊಡವಿಕೊಳ್ಳುತ್ತದೆ. ಮೊಟ್ಟೆಯಿಡುವ ಗೂಡಿನ ಹುಲ್ಲನ್ನು ಆಗಾಗ ಬದಲಿಸಿ ಬೇವಿನ ಸೊಪ್ಪು ಹಾಕಬೇಕು. ಗಳಗಳನ್ನು ಹೊರತೆಗೆದು ಬಿಸಿನೀರು ಹುಯ್ದು ಬಿಸಿಲಿಗೆ ಒಡ್ಡಬೇಕು, ಗೋಡೆಯ ಬಿರುಕಿಗೆ ಸುಣ್ಣ ಬಳಿಯಬೇಕು. ಹೇನು ವಿಪರೀತವಾದರೆ ಪಶುವೈದ್ಯರನ್ನು ಕೇಳಿ ಕೋಳಿಗೆಂದೇ ಇರುವ ಪುಡಿಯನ್ನು ತರಬೇಕು. ಪುಡಿಗೆ ಹೇನು ಸಾಯುತ್ತದೆಯೇ ಹೊರತು ಅದರ ಮೊಟ್ಟೆ ಸಾಯುವುದಿಲ್ಲವಾದ್ದರಿಂದ ಹತ್ತು ದಿನದ ಮೇಲೆ ಇನ್ನೊಮ್ಮೆ ಹಾಕುವುದನ್ನು ಮರೆಯಬಾರದು.

ಮೇವಿನ ವಿಷಯದಲ್ಲಿ ನಮ್ಮ ಅಡುಗೆಮನೆ ಮತ್ತು ಹೊಲಗಳಲ್ಲಿಯೇ ಬೇಕಾದದ್ದಿದೆ. ಹುರುಳಿಯಲ್ಲಿ ಶೇಕಡಾ 22ರಷ್ಟು ಪ್ರೋಟೀನು ಇದೆ, ಬೇಯಿಸಿಯೇ ಕೊಡಬೇಕು. ಕಡಲೆಕಾಯಿ ಹಿಂಡಿಯಲ್ಲಿ 40ರ ಆಸುಪಾಸು ಇದೆ. ಆದರೆ ಬೂಷ್ಟು ಹಿಡಿದ ಹಿಂಡಿ ಕೋಳಿಗೆ ವಿಷ. ಪುಕ್ಕಕ್ಕೆ ವಿಶೇಷವಾಗಿ ಬೇಕಾದ ಮೆಥಿಯೋನಿನ್ ಎಂಬ ಅಂಶ ಎಳ್ಳಿನ ಹಿಂಡಿಯಲ್ಲಿ ಚೆನ್ನಾಗಿದೆ. ಸಂತೆಯಲ್ಲಿ ಸಿಗುವ ಒಣಮೀನಿನ ಪುಡಿ, ಮಡಕೆಗೆ ಸಗಣಿ ಮತ್ತು ಹುಲ್ಲು ತುಂಬಿ ಬೋರಲು ಹಾಕಿ ಹಿಡಿದ ಗೆದ್ದಲು, ಇವೂ ಒಳ್ಳೆಯವು. ಉಪ್ಪು ನೂರು ಕೆ.ಜಿ. ಮೇವಿಗೆ ಸುಮಾರು 300 ಗ್ರಾಂ ಮಾತ್ರ. ಹೆಚ್ಚಾದರೆ ಅದೂ ವಿಷವೇ.

ಉಳಿದ ಎಚ್ಚರಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಗೂಡು ಇಕ್ಕಟ್ಟಾಗಿರಬಾರದು, ಹಗಲು ಓಡಾಡಲು ಕೋಳಿಯೊಂದಕ್ಕೆ ಎಂಟು ಹತ್ತು ಚದರಡಿಯಾದರೂ ಇರಲಿ. ಮೇವಿನ ಮತ್ತು ನೀರಿನ ಪಾತ್ರೆ ಒಂದೇ ಇದ್ದರೆ ಬಲವಾದ ಕೋಳಿ ಉಳಿದವನ್ನು ಹತ್ತಿರ ಸೇರಿಸುವುದಿಲ್ಲ. ಎರಡು ಕಡೆ ಇಡಿ. ಮೊಟ್ಟೆಯಿಡುವ ಗೂಡು ಮಬ್ಬುಗತ್ತಲಾಗಿರಲಿ. ಮೊಟ್ಟೆಯಿಟ್ಟ ಕೂಡಲೇ ಹೊರಚಾಚಿದ ಕೆಂಪು ಭಾಗ ಬೆಳಕಿನಲ್ಲಿ ಕಂಡರೆ ಇತರ ಕೋಳಿಗಳು ಅಲ್ಲಿಯೇ ಕುಕ್ಕುತ್ತವೆ, ಆ ಗಾಯ ಪ್ರಾಣಕ್ಕೇ ಬರುತ್ತದೆ. ಹೊಸ ಕೋಳಿಯನ್ನು ತಂದಾಗ ಒಂದೇ ಏಟಿಗೆ ಗುಂಪಿಗೆ ಬಿಡದೆ ಒಂದು ವಾರ ಬಲೆಯ ಆಚೆಗೆ, ಕಣ್ಣಿಗೆ ಕಾಣುವಂತೆ ಇಡಿ. ರಕ್ತ ಕಂಡ ಕೋಳಿಯನ್ನು ತಕ್ಷಣ ಬೇರೆ ಮಾಡಿ, ಅರಿಸಿನವನ್ನು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚಿ, ಗಾಯ ಪೂರ್ತಿ ಮಾಯ್ದ ಮೇಲೆ ಸಂಜೆಗತ್ತಲಲ್ಲಿ ಗುಂಪಿಗೆ ಸೇರಿಸಿ.

'ಇಷ್ಟೆಲ್ಲ ಮಾಡಲು ಯಾರಿಗೆ ಬಿಡುವಿದೆ ಮೇಷ್ಟ್ರೇ?' ಎಂದು ಕೇಳುವವರಿದ್ದಾರೆ. ಹೊಗೆಸೊಪ್ಪಿನ ಕಾಲದಲ್ಲಿ ಹಗಲೆಲ್ಲ ಹೊಲದಲ್ಲಿ, ರಾತ್ರಿಯೆಲ್ಲ ಬ್ಯಾರನ್ ಮುಂದೆ ಕಳೆಯುವ ಹೆಣ್ಣುಮಗಳು ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಮೇಲೆ ಹೇಳಿದ್ದರಲ್ಲಿ ಬಹುಪಾಲು ಒಮ್ಮೆ ಮಾಡಿಟ್ಟರೆ ತಿಂಗಳುಗಟ್ಟಲೆ ಇರುವಂಥದು. ಹಾಗಲ್ಲದೆ ಹನ್ನೆರಡು ಕೋಳಿಗೆ ಜಾಗವಿಲ್ಲವೆಂದಾದರೆ ಆರು ಸಾಕುವುದು ಲೇಸು. ಚೆನ್ನಾಗಿರುವ ಆರು ಕೋಳಿ ಕೊಡುವ ಮೊಟ್ಟೆ ನರಳುವ ಹನ್ನೆರಡು ಕೋಳಿಯ ಮೊಟ್ಟೆಗಿಂತ ಕಡಿಮೆಯಾಗಲಾರದು.

ಸಂಘ ಸಂಸ್ಥೆಗಳಿಗೂ ಸರ್ಕಾರಕ್ಕೂ ನನ್ನದೊಂದು ವಿನಂತಿ. ಬಡ ಕುಟುಂಬಗಳಿಗೆ ಕೋಳಿಮರಿ ಹಂಚುವ ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ಭಾಷಣವಾಗುತ್ತದೆ, ಫೋಟೋ ಆಗುತ್ತದೆ, ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಸೇರುತ್ತವೆ. ಮರಿಯೊಡನೆ ಅರ್ಧ ದಿನದ ಪಾಠವೂ ಮನೆ ಸೇರಬೇಕು. ಪಡೆಯುವವರ ಮನೆಯಲ್ಲಿ ಎಷ್ಟು ಜಾಗವಿದೆಯೆಂದು ನೋಡಿ ಅಷ್ಟೇ ಮರಿ ಕೊಡಬೇಕು. ಆರು ತಿಂಗಳ ಮೇಲೆ ಒಬ್ಬರು ಬಂದು ಕೋಳಿಯ ಬೆನ್ನನ್ನು ನೋಡಬೇಕು. ಎಷ್ಟು ಮರಿ ಹಂಚಲಾಯಿತು ಎಂಬ ಲೆಕ್ಕಕ್ಕಿಂತ ಎಷ್ಟು ಕೋಳಿ ಮೈತುಂಬ ಪುಕ್ಕವಿಟ್ಟುಕೊಂಡು ಬದುಕಿವೆ ಎಂಬುದೇ ಸರಿಯಾದ ಲೆಕ್ಕ.

ಬೈಲಕುಪ್ಪೆಯ ನೆರೆಯವರಾದ ನಾವು ದಿನವೂ ಬೌದ್ಧ ಭಿಕ್ಷುಗಳನ್ನು ಕಾಣುವವರು. ಅವರ ಧರ್ಮಗುರುಗಳಾದ ದಲಾಯಿ ಲಾಮಾ ಅವರು 1965ರಲ್ಲಿ ದಕ್ಷಿಣ ಭಾರತದ ಸರ್ಕಾರಿ ಅತಿಥಿಗೃಹವೊಂದರಲ್ಲಿ ತಂಗಿದ್ದಾಗ ಎದುರಿನ ಅಡುಗೆಮನೆಯಲ್ಲಿ ಕೋಳಿಯನ್ನು ಕೊಲ್ಲುವುದನ್ನು ಕಂಡು ಮಾಂಸವನ್ನು ಬಿಟ್ಟರೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ 2004ರಲ್ಲಿ ಕೋಳಿಗಳ ಸಂಕಟವನ್ನು ಕುರಿತು ಅಮೆರಿಕದ ಒಂದು ದೊಡ್ಡ ಕಂಪನಿಗೆ ಪತ್ರವನ್ನೂ ಬರೆದರು. ನಾವೆಲ್ಲ ಕೋಳಿ ತಿನ್ನುವುದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಊರ ಹಬ್ಬ ಕೋಳಿಯಿಲ್ಲದೆ ನಡೆಯದೆಂಬುದು ನನಗೂ ಗೊತ್ತು. ತಿನ್ನುವ ದಿನ ಬರುವ ತನಕ ಅದು ಕೋಳಿಯಾಗಿಯೇ ಬದುಕಲಿ ಎಂಬುದಷ್ಟೇ ನನ್ನ ಮಾತು. ಕೋಳಿಯಾಗಿ ಬದುಕುವುದೆಂದರೆ ಕೆದಕುವುದು, ಕುಕ್ಕುವುದು, ಮಣ್ಣಿನಲ್ಲಿ ಹೊರಳುವುದು. ಇಷ್ಟನ್ನು ಕೊಟ್ಟ ಮನೆಯಲ್ಲಿ ಕೊಕ್ಕು ಕತ್ತರಿಸುವ ಕುಡುಗೋಲಿಗೆ ಕೆಲಸವಿರುವುದಿಲ್ಲ. ಓದುಗ ಮಿತ್ರರ ಮನೆಯ ಕೋಳಿಗಳ ಬೆನ್ನು ಬೋಳಾಗಿದ್ದರೆ ಔಷಧದ ಅಂಗಡಿಗೆ ಹೋಗುವ ಮುನ್ನ ಗೂಡಿನ ಮುಂದೆ ಅರ್ಧ ಗಂಟೆ ಸುಮ್ಮನೆ ಕೂತು ನೋಡಿರಿ. ಏನು ಕಡಿಮೆಯಾಗಿದೆಯೆಂದು ಕೋಳಿಯೇ ತೋರಿಸಿಕೊಡುತ್ತದೆ.